ಟ್ರೇಸಿಂಗ್ ಪೇಪರ್ ಮೇಲೆ ಆಫ್ರಿಕಾ

ಹಾಸನದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಆಫ್ರಿಕಾ ಅಧ್ಯಾಯ ಬಂತೆಂದರೆ ಹುಡುಗರ ಬಳಿ ಉತ್ತರ ಮೊದಲೇ ಸಿದ್ಧ. 'ಬರೀ ಮರುಭೂಮಿ, ಕಾಡು ಸರ್, ಅದಕ್ಕೇ ಹಿಂದುಳಿದಿರೋದು' ಅನ್ನುತ್ತದೆ ಒಂದು ಬೆಂಚು. 'ಯುರೋಪಿನವರು ದೋಚಿದ್ರು' ಅನ್ನುತ್ತದೆ ಇನ್ನೊಂದು. ಎರಡರಲ್ಲೂ ಹುರುಳಿದೆ, ಎರಡೂ ಅರ್ಧ ದಾರಿಗೇ ನಿಲ್ಲುತ್ತವೆ. ಹಾಗಾಗಿ ನೋಟ್ಸ್ ಬರೆಸುವುದನ್ನು ಬಿಟ್ಟು, ಗೋಡೆಗೆ ಖಂಡದ ಹೊರಗೆರೆಯಷ್ಟೇ ಇರುವ ನಕ್ಷೆ ಅಂಟಿಸಿ, ಅದರ ಮೇಲೆ ಒಂದೊಂದೇ ಟ್ರೇಸಿಂಗ್ ಪೇಪರ್ ಹಾಸುತ್ತಾ ಹೋಗುವ ಕ್ರಮ ಹಿಡಿದೆ. ದೇಶಗಳ ಗಡಿಯನ್ನು ಮಾತ್ರ ಬೇಕೆಂದೇ ತಡವಾಗಿ ತರುತ್ತೇನೆ.

ಮೊದಲ ಹಾಳೆ ನೆಲ, ನೀರಿನದು. ಕಾಂಗೋ ನದಿಯನ್ನು ಹುಡುಗರಿಂದಲೇ ಬರೆಸುತ್ತೇನೆ. ಇಷ್ಟು ನೀರಿರುವ ನದಿಯಲ್ಲಿ ಹಡಗು ಒಳನಾಡಿಗೆ ಹೋಗಬೇಕಲ್ಲ? ಹೋಗುವುದಿಲ್ಲ. ಸಮುದ್ರದಿಂದ ಮತಾಡಿ ಬಂದರಿನವರೆಗೆ ಮಾತ್ರ ದಾರಿ. ಅಲ್ಲಿಂದ ಕಿನ್ಶಾಸಾವರೆಗೆ ಸಾಲು ಸಾಲು ಅಬ್ಬಿ, ಬಂಡೆ. ಅದನ್ನು ಬಳಸಿಕೊಂಡು ಹೋಗಲು 1890ರಿಂದ 1898ರವರೆಗೆ ರೈಲು ಹಳಿ ಹಾಕಬೇಕಾಯಿತು. ಅಲ್ಲಿಯತನಕ ಸರಕೆಲ್ಲ ಮನುಷ್ಯರ ತಲೆಯ ಮೇಲೇ. ಎತ್ತಿನ ಗಾಡಿ ಯಾಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ತ್ಸೆತ್ಸೆ ನೊಣದ ಪಟ್ಟಿ ಬರೆಯುತ್ತೇನೆ. ಆ ನೊಣ ಕಚ್ಚಿ ರೋಗ ಹತ್ತಿದರೆ ದನ, ಕುದುರೆ ಉಳಿಯುವುದು ಕಷ್ಟ. ದನವಿಲ್ಲದ ಕಡೆ ನೇಗಿಲಿಲ್ಲ, ಗಾಡಿಯಿಲ್ಲ, ತಿಪ್ಪೆಗೊಬ್ಬರವೂ ಇಲ್ಲ. ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಧರ್ಮದ ಹಾಳೆ. ಹೆಚ್ಚಿನ ಮೇಷ್ಟ್ರುಗಳು ಇದನ್ನು ಹಾರಿಸಿಬಿಡುತ್ತಾರೆ; ನನಗೆ ಮಾತ್ರ ಇದಿಲ್ಲದೆ ನಕ್ಷೆ ಅರ್ಥವೇ ಆಗುವುದಿಲ್ಲ. ಸಹಾರಾ ದಾಟುವ ಒಂಟೆ ದಾರಿಗಳನ್ನು ಹಸಿರಿನಲ್ಲಿ ಎಳೆಯುತ್ತೇನೆ. ಉಪ್ಪು, ಚಿನ್ನದ ವ್ಯಾಪಾರಿಗಳ ಜೊತೆ ಇಸ್ಲಾಂ ಬಂದದ್ದು ಇದೇ ದಾರಿಗಳಲ್ಲಿ. ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೋದದ್ದೂ ಮರುಭೂಮಿ ದಾಟಿಯೇ. ಕ್ರೈಸ್ತ ಮಿಷನರಿಗಳು 19ನೇ ಶತಮಾನದಲ್ಲಿ ತದ್ವಿರುದ್ಧ ದಿಕ್ಕಿನಿಂದ, ಪಶ್ಚಿಮ ಆಫ್ರಿಕಾದ ದಕ್ಷಿಣ ಕಡಲ ತೀರದಿಂದ, ಒಳಗೆ ಬಂದರು. ಎರಡೂ ಎದುರಾಗುವ ಜಾಗಗಳಲ್ಲಿ ನೈಜೀರಿಯಾ ಒಂದು. ಉತ್ತರದ ಅಮೀರರ, ಅಂದರೆ ಮುಸ್ಲಿಂ ದೊರೆಗಳ, ಧರ್ಮಕ್ಕೆ ಕೈ ಹಾಕುವುದಿಲ್ಲವೆಂದು ಬ್ರಿಟಿಷ್ ಅಧಿಕಾರಿ ಲುಗಾರ್ಡ್ ಮಾತು ಕೊಟ್ಟ. ಮಿಷನರಿಗಳನ್ನು ಅಲ್ಲಿಗೆ ಸುಲಭವಾಗಿ ಬಿಡಲಿಲ್ಲ. ಇಂಗ್ಲಿಷ್ ಶಾಲೆ ನಡೆಸುತ್ತಿದ್ದವರು ಹೆಚ್ಚಾಗಿ ಮಿಷನರಿಗಳೇ. ಹೀಗಾಗಿ 1960ರಲ್ಲಿ ಸ್ವಾತಂತ್ರ್ಯ ಬರುವ ಹೊತ್ತಿಗೆ ಗುಮಾಸ್ತರು, ಮೇಷ್ಟ್ರುಗಳು ಬಹುಪಾಲು ದಕ್ಷಿಣದವರು. 'ಹಾಗಾದ್ರೆ ಮುಸ್ಲಿಮರು ಓದಿರಲಿಲ್ವಾ ಸರ್?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಓದಿದ್ದರು, ಹೌಸಾ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಲೂ ಇದ್ದರು. ವಸಾಹತು ಕಚೇರಿಯ ನೌಕರಿಗೆ ಆ ಓದು ಸಾಕಾಗಲಿಲ್ಲ. ಅಂತರ ಹುಟ್ಟಿದ್ದು ಧರ್ಮದಿಂದಲೋ, ಆ ಒಪ್ಪಂದದಿಂದಲೋ ಎಂದು ಇಲ್ಲಿ ತಕರಾರು ಶುರುವಾಗುತ್ತದೆ. ನಾನು ಒಪ್ಪಂದದ ಪಕ್ಷ.

ಗಡಿಯ ಹಾಳೆಗೆ ಹೆಚ್ಚು ಹೊತ್ತು ಬೇಡ. ಆಫ್ರಿಕಾ ಹಂಚಿಕೊಳ್ಳಲು ಯುರೋಪಿನವರು ನಿಯಮ ಮಾಡಿಕೊಂಡ 1884–85ರ ಬರ್ಲಿನ್ ಸಮ್ಮೇಳನ ಪಠ್ಯದಲ್ಲೇ ಇದೆ. ಸೆನೆಗಲ್ ಹೊಟ್ಟೆಯೊಳಗೆ ನದಿಯುದ್ದಕ್ಕೂ ಚಾಚಿಕೊಂಡ ಗ್ಯಾಂಬಿಯಾ ತೋರಿಸಿದರೆ ಉಳಿದದ್ದು ತಾನೇ ಗೊತ್ತಾಗುತ್ತದೆ. ಅದೇ ಗಡಿಗಳನ್ನು ಉಳಿಸಿಕೊಳ್ಳೋಣವೆಂದು 1964ರಲ್ಲಿ ಕೈರೋದಲ್ಲಿ ನಿರ್ಣಯಿಸಿದವರು ಸ್ವತಂತ್ರ ಆಫ್ರಿಕಾದ ನಾಯಕರೇ ಎಂಬುದನ್ನೂ ಮರೆಯದೆ ಹೇಳುತ್ತೇನೆ.

ರೈಲಿನ ಹಾಳೆ ನನಗೆ ಅಚ್ಚುಮೆಚ್ಚು. ಹಳಿಗಳು ಊರಿಂದೂರಿಗೆ ಹೋಗುವುದಕ್ಕಿಂತ ಗಣಿಯಿಂದ ಬಂದರಿಗೆ ಹೋಗುವುದೇ ಹೆಚ್ಚು. ಕೀನ್ಯಾದ ಮೊಂಬಾಸಾದಿಂದ ಹೊರಟು 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿದ ದಾರಿಯನ್ನು ಹಾಕಿದ್ದು ಭಾರತದಿಂದ ಹೋದ ಸಾವಿರಾರು ಕೂಲಿಗಳು. ಹಳಿಯೂ ನಮ್ಮಲ್ಲಿದ್ದ ಹಾಗೇ ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದು ಮೀಟರ್. ಹಾಸನ–ಮಂಗಳೂರು ದಾರಿ ಮೀಟರ್ ಗೇಜ್ ಇದ್ದದ್ದು ಇಲ್ಲಿನ ಮನೆಗಳಲ್ಲಿ ಹಿರಿಯರಿಗೆ ಇನ್ನೂ ನೆನಪಿದೆ. ಆಮೇಲೆ ಮೊಂಬಾಸಾ ದಾರಿಯ ದಕ್ಷಿಣಕ್ಕೆ ಕೆಂಪು ಗೆರೆ, ತಜಾರಾ, ಅಂದರೆ ತಾಂಜಾನಿಯಾ–ಜಾಂಬಿಯಾ ರೈಲು. 1965ರಲ್ಲಿ ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರ ತಾನೇ ಸ್ವತಂತ್ರ ಎಂದು ಸಾರಿಕೊಂಡಾಗ, ಅದರ ಮೂಲಕ ತಾಮ್ರ ಸಾಗಿಸುತ್ತಿದ್ದ ಜಾಂಬಿಯಾ ಇಕ್ಕಟ್ಟಿಗೆ ಸಿಕ್ಕಿತು. ಲಾಭವಿಲ್ಲವೆಂದು ವಿಶ್ವಬ್ಯಾಂಕ್ ಕೈಬಿಟ್ಟಿದ್ದ ಮಾರ್ಗಕ್ಕೆ ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟಿತು. 1970ರಿಂದ 75ರೊಳಗೆ ತಾಂಜಾನಿಯಾದ ಬಂದರು ದಾರ್ ಎಸ್ ಸಲಾಮ್‌ನಿಂದ ಜಾಂಬಿಯಾದವರೆಗೆ ಸುಮಾರು 1,860 ಕಿ.ಮೀ. ಹಳಿ ಬಿತ್ತು. ಆದರೆ ಗೇಜ್ ದಕ್ಷಿಣ ಆಫ್ರಿಕಾದ್ದು, 1,067 ಮಿ.ಮೀ. ಜರ್ಮನ್ನರ ಕಾಲದಿಂದ ಬಂದ ತಾಂಜಾನಿಯಾದ ಹಳೇ ಹಳಿ 1,000. ಒಂದರ ಬೋಗಿ ಇನ್ನೊಂದರ ಮೇಲೆ ಓಡುವುದಿಲ್ಲ. ಅರಸೀಕೆರೆಯ ಹುಡುಗನೊಬ್ಬ ಇದನ್ನು ಕೇಳಿ, 'ನಮ್ಮ ತಾತ ರೈಲ್ವೇಲಿದ್ರು ಸರ್, ಗೇಜ್ ಬದಲಾಗೋ ಕಡೆ ಮೂಟೆಯೆಲ್ಲ ಇಳಿಸಿ ಮತ್ತೆ ಹೇರ್ಬೇಕಿತ್ತಂತೆ' ಅಂದ. ಬ್ರಿಟನ್, ಜರ್ಮನಿ, ಚೀನಾ, ತಾಂಜಾನಿಯಾದ ಅಧ್ಯಕ್ಷ ನ್ಯೆರೆರೆಯವರ ಸಮಾಜವಾದ, ಎಲ್ಲರ ರಾಜಕೀಯವೂ ಆ 67 ಮಿಲಿಮೀಟರಿನಲ್ಲಿ ಕೂತಿದೆ ಎಂದು ಸ್ಕೇಲ್ ಇಟ್ಟು ತೋರಿಸಿದೆ.

ಕೊನೆಗೆ ಬೋಟ್ಸ್ವಾನಾ. ಸಮುದ್ರವಿಲ್ಲ, ಬಹುಪಾಲು ಕಲಹರಿ ಮರಳು. 1966ರಲ್ಲಿ ಸ್ವತಂತ್ರವಾದಾಗ ಕಡುಬಡ ದೇಶ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಸರ್ಕಾರ ಗಣಿ ಹಕ್ಕನ್ನು ಬುಡಕಟ್ಟುಗಳಿಂದ ದೇಶದ ಕೈಗೆ ತಂದಿತು, ಹಣ ರಸ್ತೆಗೆ, ಶಾಲೆಗೆ ಹೋಯಿತು. 'ವಜ್ರ ಇತ್ತಲ್ಲ ಸರ್' ಅನ್ನುತ್ತಾರೆ. ಸಿಯೆರಾ ಲಿಯೋನ್ ಮೇಲೆ ಬೆರಳಿಡುತ್ತೇನೆ: ವಜ್ರವೂ ಇತ್ತು, ಫ್ರೀಟೌನ್‌ನಂಥ ಬಂದರೂ ಇತ್ತು, 1991ರಿಂದ 2002ರವರೆಗೆ ಅಂತರ್ಯುದ್ಧ. ಒಬ್ಬಳು ಬಿಡಲಿಲ್ಲ, 'ಬೋಟ್ಸ್ವಾನಾದಲ್ಲಿ ಹೆಚ್ಚಿನವರು ತ್ಸ್ವಾನಾ ಜನ, ಜಗಳ ಕಮ್ಮಿ' ಅಂದಳು. ಸೊಮಾಲಿಯಾದಲ್ಲಿ ಬಹುತೇಕ ಎಲ್ಲರದೂ ಒಂದೇ ಭಾಷೆ, ಒಂದೇ ಧರ್ಮ. 1991ರಲ್ಲಿ ಅಲ್ಲಿ ಸರ್ಕಾರವೇ ಕುಸಿಯಿತು ಎಂದೆ. ಅವಳು ಎದ್ದು ಬಂದು ರೈಲಿನ ಹಾಳೆ ಎತ್ತಿ, ಸೊಮಾಲಿಯಾದಲ್ಲಿ ಹಳಿ ಎಲ್ಲಿದೆ ಎಂದು ಹುಡುಕತೊಡಗಿದಳು.