ಖಾನಾವಳಿಯ ಮೋರಿ: ಬಟ್ಟಲು ಕಿತ್ತು ಬಿಸಾಡಬೇಡಿ

ಅಡುಗೆಮನೆಯ ನೆಲದಲ್ಲಿ ನೀರು ನಿಂತಿತೆಂದರೆ ಬಹಳಷ್ಟು ಹೋಟೆಲುಗಳಲ್ಲಿ ಮೊದಲು ಆಗುವುದೇ ತಪ್ಪು ಕೆಲಸ. ಯಾರಾದರೊಬ್ಬರು ಜಾಲಿ ಎತ್ತಿ, ಅದರಡಿಯ ಬಟ್ಟಲನ್ನು ಕಿತ್ತು ಮೂಲೆಗಿಡುತ್ತಾರೆ. ನೀರು ಸರ್ರನೆ ಇಳಿದುಹೋಗುತ್ತದೆ, ಎಲ್ಲರಿಗೂ ಸಮಾಧಾನ. ಬಟ್ಟಲು ಮಾತ್ರ ಮತ್ತೆ ತನ್ನ ಜಾಗಕ್ಕೆ ಹೋಗುವುದಿಲ್ಲ. ಎರಡು ದಿನಕ್ಕೆ ಗಬ್ಬುವಾಸನೆ, ವಾರದೊಳಗೆ ಜಿರಳೆ.

ಆ ಬಟ್ಟಲೇ ಟ್ರ್ಯಾಪ್. ಅದರೊಳಗೆ ಸದಾ ನಿಂತಿರಬೇಕಾದ ನೀರು ಚರಂಡಿಯ ಗಾಳಿಯನ್ನು ಮೇಲೆ ಬರಲು ಬಿಡುವುದಿಲ್ಲ. ಆ ನೀರಿನ ಆಳ ಕನಿಷ್ಠ 50 ಮಿ.ಮೀ. ಇರಬೇಕು. ಅಂಗಡಿಯಲ್ಲಿ ‘ಕಾಕ್ರೋಚ್ ಜಾಲಿ’ ಎಂದು ಅಗ್ಗಕ್ಕೆ ಸಿಗುವ ತೆಳು ಸ್ಟೀಲಿನವುಗಳಲ್ಲಿ ಒಂದು ಬೆರಳಿನಷ್ಟೂ ನೀರು ನಿಲ್ಲುವುದಿಲ್ಲ. ಮನೆಯ ಬಚ್ಚಲಿಗೆ ಹೇಗೋ ಆದೀತು, ದಿನಕ್ಕೆ ನೂರು ಊಟ ಬಡಿಸುವ ಖಾನಾವಳಿಗೆ ಬೇಡ. 110 ಮಿ.ಮೀ. ಪೈಪಿಗೆ ಕೂರುವ, ಆಳವಾದ ನಹಾನಿ ಟ್ರ್ಯಾಪನ್ನೇ (ನೆಲದ ಮೋರಿಗೆ ಕೂರಿಸುವ ಟ್ರ್ಯಾಪ್) ಹಾಕಿಸಿ.

ನಮ್ಮ ಕಡೆಯ ಅಡುಗೆಮನೆಯಲ್ಲಿ ಮೋರಿ ಕಟ್ಟಿಕೊಳ್ಳುವುದಕ್ಕೆ ಕಾರಣಗಳು ಸ್ಪಷ್ಟ. ಅನ್ನ ಬಸಿದ ಗಂಜಿ ಬಿಸಿಯಿರುವಾಗ ನೀರಿನಂತೆ ಹರಿದು, ಪೈಪಿನೊಳಗೆ ತಣ್ಣಗಾದ ಮೇಲೆ ಅಂಟಾಗುತ್ತದೆ. ರೊಟ್ಟಿ ಬಡಿಯುವ ಜಾಗದ ಜೋಳದ ಹಿಟ್ಟು, ಮಿರ್ಚಿಗೆ ಕಲಸಿದ ಕಡಲೆಹಿಟ್ಟು ಅದಕ್ಕೆ ಸೇರಿಕೊಳ್ಳುತ್ತವೆ. ಇವೆಲ್ಲದರ ಮೇಲೆ ಕರಿದ ಎಣ್ಣೆ. ರಾಯಚೂರು, ಕೊಪ್ಪಳದ ಕಡೆ ಬೋರ್‌ವೆಲ್ಲಿನ ಗಡಸು ನೀರು ಬಳಸುವವರಿಗೆ ಇನ್ನೊಂದು ಕಾಟವಿದೆ. ಜಿಡ್ಡು ಕೊಳೆತು ಬಿಡುವ ಆಮ್ಲ ನೀರಿನ ಸುಣ್ಣದ ಅಂಶದೊಡನೆ ಕೂಡಿ ಸಾಬೂನಿನಂಥ ಬಿಳಿ ಗಟ್ಟಿಯಾಗುತ್ತದೆ. ಅದು ಬಿಸಿನೀರಿಗೆ ಕರಗುವುದಿಲ್ಲ. ಕೆರೆದೇ ತೆಗೆಯಬೇಕು.

ಬೇಕಾದ ಸಾಮಾನು: ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಟಾರ್ಚ್, ಪುಟ್ಟಿ ಹಚ್ಚುವ ಪಟ್ಟಿ, ಉದ್ದ ಹಿಡಿಯ ನೈಲಾನ್ ದುಂಡು ಬ್ರಷ್, ಕೈಯಿಂದ ತಿರುಗಿಸುವ 5 ಮೀಟರ್ ಸ್ಪ್ರಿಂಗ್ ಕೇಬಲ್, ಮುಚ್ಚಳವಿರುವ ಬಕೆಟ್, ಅರ್ಧ ಕಿಲೋ ವಾಷಿಂಗ್ ಸೋಡಾ. ಬ್ರಷ್ ಮೋರಿಗೇ ಮೀಸಲಿರಲಿ, ಪಾತ್ರೆ ತೊಳೆಯುವ ಕಡೆ ಅದು ಹೋಗಕೂಡದು.

ರಾತ್ರಿ ಒಲೆ ಆರಿದ ಮೇಲೆ ಶುರು ಮಾಡಿ. ಮೊದಲು ನೆಲವನ್ನು ಒಣಗಿರುವಾಗಲೇ ಗುಡಿಸಿ, ಹಿಟ್ಟು, ಚಹಾಪುಡಿ, ಉಳ್ಳಾಗಡ್ಡಿ ಸಿಪ್ಪೆ ಎಲ್ಲವನ್ನೂ ಬುಟ್ಟಿಗೆ ಹಾಕಿ. ಜಾಲಿ ಎತ್ತಿ ತೊಳೆದಿಡಿ.

ಇನ್ನು ಬಟ್ಟಲು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನ ಮಾಡಿ. ನಹಾನಿ ಟ್ರ್ಯಾಪುಗಳಲ್ಲಿ ಕೆಲವಕ್ಕೆ ತಿರುಗಿಸಿ ತೆಗೆಯುವ ಬಟ್ಟಲು, ಕೆಲವಕ್ಕೆ ಬೋರಲು ಹಾಕಿದ ಗಂಟೆಯಂಥ ಮುಚ್ಚಳ ಇರುತ್ತದೆ. ಬಿಗಿ ಹಿಡಿದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಅಂಚು ಸೀಳುತ್ತದೆ. ಬಿಸಿನೀರು ಸುರಿದು ಹತ್ತು ನಿಮಿಷ ಬಿಟ್ಟು, ಅಂಚಿನ ಸುತ್ತ ಪಟ್ಟಿಯಿಂದ ಜಿಡ್ಡು ಬಿಡಿಸಿ, ಅಲ್ಲಾಡಿಸುತ್ತ ಎತ್ತಿ. ಒಳಗಿನ ರಾಡಿಯನ್ನು ಬಕೆಟ್ಟಿಗೆ ತೆಗೆಯಬೇಕು, ಪೈಪಿನೊಳಗೆ ತಳ್ಳಬಾರದು. ತಳ್ಳಿದ್ದು ಮುಂದಿನ ಬೆಂಡಿನಲ್ಲಿ ಹೋಗಿ ಕೂರುತ್ತದೆ. ಆಮೇಲೆ ಬಟ್ಟಲಿನ ಒಳ ಹೊರ ಎರಡನ್ನೂ ಉಜ್ಜಿ. ಹೊರಗಿನ ಕೆಳಅಂಚನ್ನು ಜನ ಮರೆಯುತ್ತಾರೆ. ಅಲ್ಲಿನ ಲೋಳೆಯಲ್ಲೇ ಗೋಡೆ ಮೇಲೆ ಕೂರುವ, ಪತಂಗದಂಥ ಸಣ್ಣ ಕಪ್ಪು ನೊಣ ಮೊಟ್ಟೆಯಿಡುತ್ತದೆ. ಲೋಳೆಯ ಅಡಿಯಲ್ಲಿರುವ ಮರಿಗೆ ಮೇಲೆ ಸುರಿದ ಫಿನಾಯಿಲ್ ತಾಕುವುದಿಲ್ಲ, ಬ್ರಷ್ ತಾಕುತ್ತದೆ.

ಬಟ್ಟಲು ತೆಗೆದ ಮೇಲೆ ಕಾಣುವ ಪೈಪಿನ ಮೊದಲ ಎರಡು ಅಡಿಯನ್ನು ಟಾರ್ಚ್ ಹಿಡಿದು ನೋಡಿ, ಬಿಳಿ ಗಟ್ಟಿಯನ್ನು ಕೈಗೆಟುಕುವಷ್ಟು ಕೆರೆದು ಮೇಲಕ್ಕೆ ತೆಗೆಯಿರಿ. ನಂತರ ಕೇಬಲ್ ಬಿಡಿ. ತಡೆ ಸಿಕ್ಕಲ್ಲಿ ಜೋರಾಗಿ ನೂಕದೆ ತಿರುಗಿಸುತ್ತ ಹಿಂದೆ ಮುಂದೆ ಆಡಿಸಿ, ಎಳೆಯುವಾಗ ಬಟ್ಟೆಯಿಂದ ಒರೆಸಿಕೊಳ್ಳಿ.

5 ಲೀಟರ್ ಕುದಿನೀರಿಗೆ 10 ಲೀಟರ್ ನಲ್ಲಿ ನೀರು ಬೆರೆಸಿ, 150 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ನಿಧಾನವಾಗಿ ಸುರಿಯಿರಿ. ಬರೀ ಕುದಿನೀರು ಬೇಡವೇ ಬೇಡ. 60 ಡಿಗ್ರಿ ದಾಟಿದರೆ ಪಿವಿಸಿ ಪೈಪ್ ಮೆತ್ತಗಾಗಿ ಬಾಗುತ್ತದೆ, ಜಾಯಿಂಟ್ ಬಿಡುತ್ತದೆ. ದಿನಾ ಬಿಸಿ ಗಂಜಿ ಸುರಿಯುವ ಮೋರಿ ಸೋರುವುದು ಇದಕ್ಕೇ. ಗಂಜಿಯನ್ನು ಬೇರೆ ಪಾತ್ರೆಗೆ ಬಸಿದು ದನಕ್ಕೆ ಕೊಡಿ.

ಆಸಿಡ್ ಸುರಿಯುವವರಿಗೆ ಗಟ್ಟಿಯಾಗಿ ಹೇಳಬೇಕು: ಬೇಡ. ಜಿಡ್ಡಿಗೆ ಅದರಿಂದ ಏನೂ ಆಗುವುದಿಲ್ಲ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ನೊರೆಯಾಗಿ ಸವೆಯುತ್ತದೆ. ಜಾಲಿಯ ಸುತ್ತಲಿನ ಸಿಮೆಂಟೂ ಹೋಗಿ ನೀರು ನೆಲದಡಿಗೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಮೋರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಕಾಸ್ಟಿಕ್ ಸೋಡಾ ಪುಡಿಯೂ ನಿಂತ ನೀರಿನಲ್ಲಿ ಕುದಿದು ಮುಖಕ್ಕೆ ಸಿಡಿಯುತ್ತದೆ. ಅದು ಅಲ್ಯೂಮಿನಿಯಂ ಪಾತ್ರೆಯನ್ನು ತಿಂದು ಹೊತ್ತಿಕೊಳ್ಳುವ ಗಾಳಿ ಬಿಡುತ್ತದೆ.

ಈಗ ಬಟ್ಟಲನ್ನು ವಾಪಸು ಕೂರಿಸಿ. ವಾಷರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಸೆಲೋಟೇಪ್ ಸುತ್ತಿ ಸರಿಪಡಿಸಬೇಡಿ. ಎರಡು ಲೀಟರ್ ನೀರು ಸುರಿದು ಟಾರ್ಚ್ ಬಿಟ್ಟು ಮಟ್ಟ ಗುರುತಿಸಿಕೊಳ್ಳಿ. ಒಂದು ತಾಸಿನ ಮೇಲೆ ಮಟ್ಟ ಇಳಿದಿದ್ದರೆ ಬಟ್ಟಲು ಸೀಳಿದೆ ಅಥವಾ ಸರಿಯಾಗಿ ಕೂತಿಲ್ಲ. ಮಟ್ಟ ನಿಂತಿದೆ, ಆದರೆ ಪಾತ್ರೆ ತೊಟ್ಟಿಯ ನೀರು ಒಮ್ಮೆಲೇ ಬಿಟ್ಟಾಗ ಗುಳುಗುಳು ಸದ್ದಾಗಿ ಇಳಿಯುತ್ತದೆ ಅಂದರೆ ದೋಷ ಬಟ್ಟಲಿನದಲ್ಲ, ಬಹುಶಃ ಲೈನಿಗೆ ಗಾಳಿ ಪೈಪ್ ಇಲ್ಲ. ಆಗ ಪ್ಲಂಬರನ್ನು ಕರೆಸಿ ನೋಡಿಸಿ, ಚಾವಣಿ ದಾಟುವ ಪೈಪ್ ಹಾಕಿಸಿ.

ಎಲ್ಲ ಮೋರಿಗೂ ಇದೇ ಮದ್ದಲ್ಲ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ಮೋರಿಯಲ್ಲಿ ಕೂರುವುದು ಜಿಡ್ಡಲ್ಲ, ಬಟ್ಟೆಯ ನಾರು ಮತ್ತು ಜೀನ್ಸ್ ಉಜ್ಜಲು ಬಳಸುವ ಪ್ಯೂಮಿಸ್ ಕಲ್ಲಿನ ಪುಡಿ. ಅಲ್ಲಿ ಸೋಡಾ ಉಪಯೋಗಕ್ಕೆ ಬರುವುದಿಲ್ಲ. ಜಾಲಿಗೆ ಮೊದಲು ಪುಡಿ ತಳಕ್ಕೆ ಕೂರಲು ಒಂದು ಗುಂಡಿ, ಅದರ ಬಾಯಿಗೆ ಸಣ್ಣ ಕಣ್ಣಿನ ಬಲೆ ಇರಬೇಕು. ಬಲೆಯನ್ನು ಪ್ರತಿ ಪಾಳಿಗೂ ಕೊಡವಬೇಕು.

ಖಾನಾವಳಿಯಲ್ಲಿ ಬಟ್ಟಲನ್ನು ವಾರಕ್ಕೊಮ್ಮೆ ತೆಗೆದು ಉಜ್ಜಿದರೆ ಸಾಕು. ಗ್ರೀಸ್ ಟ್ರ್ಯಾಪ್ (ಜಿಡ್ಡು ತಡೆಯುವ ತೊಟ್ಟಿ) ಇದ್ದರೆ ಮೇಲಿನ ಜಿಡ್ಡು, ಕೆಳಗಿನ ರಾಡಿ ಸೇರಿ ಆಳದ ಕಾಲು ಭಾಗ ತುಂಬುವ ಮೊದಲು ಖಾಲಿ ಮಾಡಿ. ಕರಿದ ಎಣ್ಣೆ ಡಬ್ಬಿಗೆ ಹೋಗಲಿ, ಮೋರಿಗಲ್ಲ.

ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲಿಗೆ ಬಳಸದ ಮೋರಿಯ ನೀರು ಬೇಗ ಆರಿಹೋಗುತ್ತದೆ. ಹಬ್ಬಕ್ಕೆ ಅಂಗಡಿ ಮುಚ್ಚುವ ಮುಂಚೆ ಪ್ರತಿ ಜಾಲಿಗೂ ಒಂದು ಚರಿಗಿ ನೀರು, ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ, ಆರುವುದು ನಿಧಾನವಾಗುತ್ತದೆ.

ಇಷ್ಟಾದರೂ ನೀರು ಹೋಗದಿದ್ದರೆ ತೊಂದರೆ ಹೊರಗಿನ ಚೇಂಬರಿನಲ್ಲಿರಬಹುದು. ಮುಚ್ಚಳ ತೆಗೆದು ದೂರದಿಂದ ನೋಡಿ, ರಭಸದ ನೀರಿನಿಂದ ಚರಂಡಿ ತೊಳೆಯುವ ಜೆಟ್ಟಿಂಗ್ ಗಾಡಿ ಕರೆಸಿ. ಒಳಗೆ ಯಾರನ್ನೂ ಇಳಿಸಬೇಡಿ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸುತ್ತದೆ.