‘ಹುಬ್‌ಬಳ್‌ಳಿ’ಯನ್ನು ಹುಬ್ಬಳ್ಳಿ ಮಾಡಿದ ಇಪ್ಪತ್ತಾರು ದಿನ

ಧಾರವಾಡದ ಸಪ್ತಾಪುರದ ಬಾಡಿಗೆ ರೂಮಿನಲ್ಲಿ ಕೂತು ನಾನೊಬ್ಬನೇ ಕಟ್ಟಿದ ಆ್ಯಪ್ ಅದು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳು, ಇಳಿದ ಮೇಲೆ ನಡೆದು ಹೋಗುವ ದಾರಿ, ಎಲ್ಲ ಕನ್ನಡದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗ ಹುಡುಗಿಯರೇ ಹೆಚ್ಚಾಗಿ ಬಳಸುತ್ತಿದ್ದರು. ಅವರ ಡೇಟಾ ಪ್ಯಾಕ್ ಸಂಜೆಯೊಳಗೆ ಖಾಲಿ. ಅದಕ್ಕೇ ಒಮ್ಮೆ ತೆರೆದ ನಕ್ಷೆ ಫೋನಿನಲ್ಲೇ ಉಳಿಯುವ ಹಾಗೆ ಮಾಡಿದ್ದೆ.

ಅದೇ ತಪ್ಪಾಯಿತು. ನಕ್ಷೆ ಕೊಡುತ್ತಿದ್ದ ಕಂಪನಿಯಿಂದ ಮೇಲ್ ಬಂತು: ಎಪಿಐಯಿಂದ (ಆ್ಯಪ್ ಅವರ ಸರ್ವರಿಗೆ ಕೇಳಿ ಮಾಹಿತಿ ಪಡೆಯುವ ದಾರಿ) ಪಡೆದ ನಕ್ಷೆಯನ್ನು ಉಳಿಸಿಡುವಂತಿಲ್ಲ, ಉಚಿತ ಮಿತಿಯನ್ನೂ ಇಳಿಸಿದ್ದೇವೆ, ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ಅದನ್ನು ಬಳಸಲು ಕೊಟ್ಟ ಗುರುತಿನ ಕೋಡ್, ಅಂದರೆ ಕೀ, ಬಂದ್. ರೆಡ್ಡಿಟ್ ಎಂಬ ಚರ್ಚಾ ತಾಣವನ್ನು ಓದಲು ಬಳಸುತ್ತಿದ್ದ ಅಪೊಲೊ ಆ್ಯಪ್ ನೆನಪಾಯಿತು. ರೆಡ್ಡಿಟ್ 5 ಕೋಟಿ ಎಪಿಐ ಕರೆಗಳಿಗೆ 12,000 ಡಾಲರ್ ದರ ಇಟ್ಟಾಗ, ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತದೆಂದು ಲೆಕ್ಕ ಹಾಕಿ, ಅದರ ಡೆವಲಪರ್ 2023ರ ಜೂನ್ 30ಕ್ಕೆ ಆ್ಯಪ್ ಮುಚ್ಚಿದ್ದರು. ಆಗ ಅದು ದೂರದವರ ಕಷ್ಟ ಅನ್ನಿಸಿತ್ತು.

ಎರಡು ದಿನ ಸಿಟ್ಟಿನಲ್ಲೇ ಹೋದವು. ಮೂರನೇ ದಿನ ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದೆ. ಅದರ ಮಾಹಿತಿಯನ್ನು ಇಟ್ಟುಕೊಳ್ಳಬಹುದು, ಹಂಚಬಹುದು. ನಕ್ಷೆಯ ಮೇಲೆ ಅವರ ಹೆಸರು ಹಾಕಬೇಕು. ಆದರೆ ನಕ್ಷೆಯನ್ನು ಚೌಕ ಚೌಕ ತುಂಡಾಗಿ ಕೊಡುವ ಅವರ ಟೈಲ್ ಸರ್ವರ್‌ನಿಂದ ರಾಶಿಗಟ್ಟಲೆ ಇಳಿಸಿಕೊಳ್ಳುವಂತಿಲ್ಲ. ಅದು ದಾನದ ಹಣದಲ್ಲಿ ನಡೆಯುವಂಥದ್ದು, ಈ ನಿಯಮ ನ್ಯಾಯವೇ. ಹಾಗಾಗಿ ಅದೇ ಮಾಹಿತಿಯಿಂದ ಸಿದ್ಧ ನಕ್ಷೆ ಕೊಡುವ ಪ್ರೋಟೋಮ್ಯಾಪ್ಸ್‌ನಿಂದ ಅವಳಿ ನಗರದಷ್ಟೇ ಜಾಗ ಕತ್ತರಿಸಿ ಇಡೀ ನಕ್ಷೆ ಒಂದರಲ್ಲೇ ಕೂರುವ ಪಿಎಂಟೈಲ್ಸ್ ಫೈಲ್ ಮಾಡಿಕೊಂಡೆ. ಅದನ್ನು ತೆರೆಯ ಮೇಲೆ ತೋರಿಸಲು ಮುಕ್ತ ತಂತ್ರಾಂಶ ಮ್ಯಾಪ್‌ಲಿಬ್ರೆ. ನಾಲ್ಕು ದಿನದ ಕೆಲಸ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ತೆರೆಯ ಮೇಲೆ ಹುಬ್ಬಳ್ಳಿ ‘ಹುಬ್‌ಬಳ್‌ಳಿ’ ಆಗಿತ್ತು, ಸತ್ತೂರು ‘ಸತ್‌ತೂರು’. ಮ್ಯಾಪ್‌ಲಿಬ್ರೆ ಯೂನಿಕೋಡ್‌ನ ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಬರೆಯುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿದರೇನೇ ಒತ್ತು. ‘ಇಂಗ್ಲಿಷ್ ಹೆಸರು ಹಾಕಿ ಮುಗಿಸಿಬಿಡಪಾ’ ಅಂದ ಗೆಳೆಯ. ನನಗೆ ಮನಸ್ಸಾಗಲಿಲ್ಲ. ಕನ್ನಡ ಹೋದರೆ ಆ ಆ್ಯಪ್ ಯಾಕೆ ಬೇಕು?

ನನ್ನ ಆ್ಯಪ್‌ನೊಳಗೆ ಓಡುವುದು ಬ್ರೌಸರೇ. ಅದಕ್ಕೆ ಕನ್ನಡ ಕೂಡಿಸಲು ಬರುತ್ತದೆ. ಪ್ರತಿ ನಿಲ್ದಾಣದ ಹೆಸರನ್ನು ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ಕ್ಯಾನ್ವಾಸ್ (ಬ್ರೌಸರಿನೊಳಗೆ ಚಿತ್ರ ಬರೆಯುವ ಹಲಗೆ) ಮೇಲೆ ಬರೆಸಿ, ಆ ಚಿತ್ರವನ್ನೇ ಐಕಾನ್ ಅಂತ ನಕ್ಷೆಗೆ ಕೊಟ್ಟೆ. ಮೊದಲು ಮಸುಕಾಗಿ ಬಂತು. ಎರಡು ಪಟ್ಟು ದೊಡ್ಡದಾಗಿ ಬರೆಸಿ ಕುಗ್ಗಿಸಿದೆ. ಆಮೇಲೆ ನೋಡಿದರೆ ‘ಳ್ಳಿ’ಯ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗಿತ್ತು, ಚೌಕಟ್ಟಿನ ಎತ್ತರ ಇಂಗ್ಲಿಷ್ ಅಕ್ಷರದ ಅಳತೆಗಿತ್ತು. ಕೆಳಗೆ ಜಾಗ ಬಿಟ್ಟೆ. ರಾತ್ರಿ ಎರಡಕ್ಕೆ ‘ಹುಬ್ಬಳ್ಳಿ’ ನೆಟ್ಟಗೆ ನಿಂತಾಗ ಕಣ್ಣು ತುಂಬಿ ಬಂತು.

ಇಪ್ಪತ್ತಾರನೇ ದಿನ ಹೊಸ ಆವೃತ್ತಿ ಏರಿಸಿ, ಹಳೆಯ ಕೀ ನಾನೇ ಅಳಿಸಿದೆ. ಟ್ರಾಫಿಕ್ಕಿನ ಕೆಂಪು ಗೆರೆ, ಉಪಗ್ರಹ ಚಿತ್ರ ಎರಡೂ ಹೋದವು, ಅವಕ್ಕೆ ಬದಲಿ ಸಿಕ್ಕಿಲ್ಲ. ಎಷ್ಟೋ ನಿಲ್ದಾಣಗಳಿಗೆ ಕನ್ನಡ ಹೆಸರೇ ಇರಲಿಲ್ಲ. ಭಾನುವಾರ ಜ್ಯೂಬಿಲಿ ಸರ್ಕಲ್‌ನಲ್ಲಿ ಬಸ್ ಹತ್ತಿ, ಬೋರ್ಡು ನೋಡಿ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುತ್ತಿದ್ದೇನೆ. ಕಳೆದ ವಾರ ರಾಯಾಪುರದವರೆಗೆ ಆಯಿತು.