ಸೊಂಟದಲ್ಲಿ ಪಿಸ್ತೂಲು: ಹೊಸಬರು ರೂಢಿ ಮಾಡಿಕೊಳ್ಳುವುದು ಹೇಗೆ

ಟೆಕ್ಸಾಸ್‌ನ ಪ್ಲೇನೊ ಊರಿನ ದಿನಸಿ ಅಂಗಡಿಯೊಂದರಲ್ಲಿ ಸೋನಾ ಮಸೂರಿಯ 20 ಪೌಂಡಿನ ಚೀಲವನ್ನು ಎತ್ತಲು ಬಗ್ಗಿದಾಗ, ನನ್ನ ಅಂಗಿ ಬೆನ್ನಿನ ಮೇಲಕ್ಕೆ ಸರಿದದ್ದು ಗೊತ್ತಾಯಿತು. ಸೊಂಟದ ಬಲಬದಿಯಲ್ಲಿ, ಪ್ಯಾಂಟಿನ ಒಳಗೆ, ಪಿಸ್ತೂಲು ಇತ್ತು. ಅದನ್ನು ಹೊತ್ತು ಮನೆಯಿಂದ ಹೊರಬಿದ್ದ ಮೊದಲ ದಿನ ಅದು. ಚೀಲವನ್ನು ಅಲ್ಲಿಯೇ ಬಿಟ್ಟು ನೆಟ್ಟಗೆ ನಿಂತು ಅಂಗಿಯ ಅಂಚನ್ನು ಎರಡು ಬಾರಿ ಕೆಳಗೆ ಎಳೆದುಕೊಂಡೆ. ಯಾರೂ ನನ್ನ ಕಡೆ ನೋಡಿರಲಿಲ್ಲ. ಆದರೆ ನಾನು ಅಂಗಿ ಎಳೆದುಕೊಂಡ ಗಾಬರಿಯನ್ನು ಯಾರಾದರೂ ಕಂಡಿದ್ದರೆ ಖಂಡಿತ ಇನ್ನೊಮ್ಮೆ ತಿರುಗಿ ನೋಡುತ್ತಿದ್ದರು. ಅಕ್ಕಿ ಕೊಳ್ಳದೆಯೇ ಮನೆಗೆ ಮರಳಿದೆ.

ಬಂದೂಕು ನನಗೆ ಹೊಸತಾಗಿರಲಿಲ್ಲ. ಸಾಗರದ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಅಜ್ಜನ ತೋಟೆ ಕೋವಿ ಜಗಲಿಯ ಗೋಡೆಗೆ ತೂಗುತ್ತಿತ್ತು. ತೋಟದಿಂದ ಬಂದ ಅಜ್ಜ ಅಂಗಳದಲ್ಲೇ ನಿಂತು, ಕೋವಿಯನ್ನು ಮಡಿಸಿ, ತೋಟೆಗಳನ್ನು ತೆಗೆದು ಜೇಬಿಗೆ ಹಾಕಿ, ಎರಡೂ ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮೆಟ್ಟಿಲು ಹತ್ತುತ್ತಿದ್ದರು. ತುಂಬಿದ ಕೋವಿ ಹೊಸ್ತಿಲು ದಾಟಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅಮೆರಿಕದಲ್ಲಿ ಪಿಸ್ತೂಲನ್ನು ಮರೆಯಾಗಿ ಧರಿಸಿ ಓಡಾಡುವವರು ಮಾಡುವುದು ಇದಕ್ಕೆ ತೀರಾ ವಿರುದ್ಧವಾದ ಕೆಲಸ. ತುಂಬಿದ ಬಂದೂಕು ಅವರೊಂದಿಗೆ ಹೊಸ್ತಿಲು ದಾಟುತ್ತದೆ, ಕಾರು ಹತ್ತುತ್ತದೆ, ಅಂಗಡಿಯ ಸಾಲಿನಲ್ಲಿ ಮಕ್ಕಳ ಪಕ್ಕದಲ್ಲಿ ನಿಲ್ಲುತ್ತದೆ. ಹೀಗಿರುವಾಗ ಅಜ್ಜ ಅಂಗಳದಲ್ಲಿ ಪಾಲಿಸುತ್ತಿದ್ದ ಶಿಸ್ತನ್ನು ಇಲ್ಲಿ ದಿನವಿಡೀ ಪಾಲಿಸಬೇಕಾಗುತ್ತದೆ. ಸಂಕೋಚ ಹೋಗಬೇಕು, ಎಚ್ಚರ ಹೋಗಬಾರದು. ಈ ಲೇಖನದಲ್ಲಿ ಹೇಳಹೊರಟಿರುವ ಎಲ್ಲ ಹಂತಗಳ ಉದ್ದೇಶವೂ ಅದೇ.

ಎಲ್ಲಕ್ಕಿಂತ ಮೊದಲು, ಬಂದೂಕು ಇಟ್ಟುಕೊಳ್ಳುವ ಹಕ್ಕು ನಿಮಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಮ್ಮವರಲ್ಲಿ ಹಲವರು ಎಡವುವುದು ಇಲ್ಲಿಯೇ. ಎಚ್‌-1ಬಿ, ಎಚ್‌-4, ಎಫ್‌-1 ಮುಂತಾದ ವಲಸೆಯೇತರ ವೀಸಾಗಳಲ್ಲಿ ಅಮೆರಿಕಕ್ಕೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಸರ್ಕಾರದ ಕಾನೂನು ನಿಷೇಧಿಸಿದೆ. ಇದನ್ನು ಮೀರಿದವರಿಗೆ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆಯೆಂಬುದು ನಿಜ. ಆದರೆ ಅದನ್ನು ನೆಚ್ಚಿಕೊಂಡು ಸ್ವರಕ್ಷಣೆಗೆ ಪಿಸ್ತೂಲು ಕೊಳ್ಳುವ ಮುನ್ನ ವಕೀಲರನ್ನು ಕಾಣದಿರುವುದು ದುಡುಕು. ಹಸಿರು ಕಾರ್ಡು ಪಡೆದವರಿಗೂ ಪೌರರಿಗೂ ಈ ನಿಷೇಧವಿಲ್ಲ. ಅಂಗಡಿಯಲ್ಲಿ 4473 ಸಂಖ್ಯೆಯ ಅರ್ಜಿಯನ್ನು ಭರ್ತಿ ಮಾಡಿ, ಹಿನ್ನೆಲೆ ತಪಾಸಣೆ ಮುಗಿದ ಬಳಿಕ ಅವರು ಪಿಸ್ತೂಲು ಕೊಳ್ಳಬಹುದು.

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ ಮತ್ತು ಕಾನೂನಿನ ಬೇರಾವ ಅಡ್ಡಿಯೂ ಇಲ್ಲದ ವ್ಯಕ್ತಿ ಪರವಾನಗಿ ಇಲ್ಲದೆಯೂ ಪಿಸ್ತೂಲು ಧರಿಸಬಹುದು. ಹಾಗಿದ್ದರೂ ಪರವಾನಗಿ ಪಡೆಯಿರಿ ಎಂದೇ ನಾನು ಹೇಳುತ್ತೇನೆ. ಅರ್ಜಿಯ ಶುಲ್ಕ 40 ಡಾಲರ್. ನಾಲ್ಕರಿಂದ ಆರು ಗಂಟೆಗಳ ಪಾಠ, ಆಮೇಲೆ 3, 7 ಮತ್ತು 15 ಗಜಗಳ ದೂರದಿಂದ ಒಟ್ಟು 50 ಗುಂಡು ಹಾರಿಸುವ ಪರೀಕ್ಷೆ. 250 ಅಂಕಗಳಲ್ಲಿ 175 ಬಂದರೆ ತೇರ್ಗಡೆ. ಈ ಪರೀಕ್ಷೆ ಕಷ್ಟದ್ದಲ್ಲ, ಮತ್ತು ಅದರಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಪಿಸ್ತೂಲು ಧರಿಸಲು ತಯಾರಾದಂತೆಯೂ ಅಲ್ಲ; ನಿಂತ ನೆಲದಲ್ಲಿ ನಿಂತು ಕಾಗದದ ಗುರಿಗೆ ಹೊಡೆಯುವುದಷ್ಟೇ ಅಲ್ಲಿರುವುದು. ಆದರೆ ಪಾಠದಲ್ಲಿ ಕಾನೂನು ತಿಳಿಯುತ್ತದೆ, ಬೇರೆ ಹಲವು ರಾಜ್ಯಗಳು ಈ ಪರವಾನಗಿಯನ್ನು ಮಾನ್ಯ ಮಾಡುತ್ತವೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ನ್ಯೂಜೆರ್ಸಿಗಳು ಮಾನ್ಯ ಮಾಡುವುದಿಲ್ಲ. ನ್ಯೂಜೆರ್ಸಿಯ ನೆಂಟರ ಮನೆಗೆ ಕಾರಿನಲ್ಲಿ ಹೊರಟವರು ಇದನ್ನು ಮರೆತರೆ, ಊರಿನಲ್ಲಿ ಕಾನೂನುಬದ್ಧವಾಗಿದ್ದ ವಸ್ತುವೇ ದಾರಿಯಲ್ಲಿ ಜೈಲಿನ ಪಾಲಾಗಿಸಬಲ್ಲ ಅಪರಾಧವಾಗುತ್ತದೆ.

ಪಿಸ್ತೂಲು ಮನೆಗೆ ಬಂದ ಮೊದಲ ತಿಂಗಳು ಅದನ್ನು ಧರಿಸಿ ಹೊರಗೆ ಹೋಗಬೇಡಿ. ನಾಲ್ಕು ನಿಯಮಗಳು ಬಾಯಿಪಾಠವಾಗುವುದರ ಜತೆಗೆ ಕೈಪಾಠವೂ ಆಗಬೇಕು: ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಬೇಕು, ಹಾಳಾಗಬಾರದ ಯಾವುದರ ಕಡೆಗೂ ನಳಿಕೆಯನ್ನು ತಿರುಗಿಸಬಾರದು, ಗುರಿ ಹಿಡಿದು ಹೊಡೆಯಲು ನಿರ್ಧರಿಸುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಖಾಲಿ ಮಾಡುವ ಕ್ರಮದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಮೊದಲು ಎಳೆದು, ಗುಂಡುಗಳನ್ನು ತುಂಬಿದ ಮ್ಯಾಗಜೀನನ್ನು ಆಮೇಲೆ ತೆಗೆಯುವುದು. ಹಾಗೆ ಮಾಡಿದಾಗ ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂಬದಿಯ ಗೂಡಿನಲ್ಲಿ ಇದ್ದ ಗುಂಡು ಹೊರಬೀಳುತ್ತದೆ, ಮ್ಯಾಗಜೀನಿನಿಂದ ಇನ್ನೊಂದು ಗುಂಡು ಅಲ್ಲಿಗೆ ಏರುತ್ತದೆ, ಕೈಯಲ್ಲಿ ಹಿಡಿದವರು ಮಾತ್ರ ಖಾಲಿಯಾಯಿತೆಂದು ನಂಬಿರುತ್ತಾರೆ. ಮೊದಲು ಮ್ಯಾಗಜೀನ್ ಹೊರಗೆ, ಅನಂತರ ಸ್ಲೈಡನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಬೇಕು. ಅಜ್ಜ ನಳಿಕೆಯನ್ನು ಬೆಳಕಿಗೆ ಹಿಡಿಯುತ್ತಿದ್ದುದರ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಈ ಕ್ರಮವನ್ನು ಕಲಿತಾಗಲೇ.

ಇನ್ನು ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ. ಹೊಸಬರು ಪಿಸ್ತೂಲಿಗೆ ಐದಾರು ನೂರು ಡಾಲರ್ ಕೊಟ್ಟು, ಒರೆಗೆ ಹದಿನೈದು ಡಾಲರ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಎಲ್ಲ ಪಿಸ್ತೂಲಿಗೂ ಆಗುತ್ತದೆ ಎಂದು ಮಾರುವ ಮೆತ್ತನೆಯ ಬಟ್ಟೆಯ ಒರೆಯನ್ನು ಕೊಳ್ಳಲೇಬಾರದು. ಅದು ಟ್ರಿಗರನ್ನು ಕಾಯುವುದಿಲ್ಲ. ಪಿಸ್ತೂಲನ್ನು ಹೊರತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುವುದರಿಂದ, ಮರಳಿ ಇಡುವಾಗ ಇನ್ನೊಂದು ಕೈಯಿಂದ ಅದನ್ನು ಬಿಡಿಸಿ ಹಿಡಿಯಬೇಕಾಗುತ್ತದೆ ಮತ್ತು ಆ ಕೈ ನಳಿಕೆಯ ಎದುರಿಗೆ ಬರುತ್ತದೆ. ನಿಮ್ಮ ಪಿಸ್ತೂಲಿನ ಮಾದರಿಗೇ ಎರಕ ಹೊಯ್ದಂತೆ ಮಾಡಿದ, ಟ್ರಿಗರಿನ ಸುತ್ತಲ ಕಾವಲನ್ನು ಪೂರ್ತಿ ಮುಚ್ಚುವ, ಕೈಡೆಕ್ಸ್‌ನಂಥ ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ದಪ್ಪ ಚರ್ಮದ ಒರೆಯೇ ಬೇಕು. ಖಾಲಿ ಪಿಸ್ತೂಲನ್ನು ಅದರಲ್ಲಿಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಜಾರಿ ಬಿದ್ದರೆ ಆ ಒರೆಯನ್ನು ಹಿಂದಿರುಗಿಸಿ. ಅಷ್ಟೇ ಮುಖ್ಯವಾದುದು ಬೆಲ್ಟು. ಸಾಮಾನ್ಯ ಬೆಲ್ಟು ಭಾರಕ್ಕೆ ಜೋಲುತ್ತದೆ, ಪಿಸ್ತೂಲಿನ ಹಿಡಿ ಹೊರಕ್ಕೆ ವಾಲುತ್ತದೆ, ಅಂಗಿಯ ಮೇಲೆ ಅದರ ಅಚ್ಚು ಮೂಡುತ್ತದೆ. ಇಲ್ಲಿನವರು ಇದಕ್ಕೆ ಪ್ರಿಂಟಿಂಗ್ ಎನ್ನುತ್ತಾರೆ. ನನ್ನ ಅರ್ಧ ಚಡಪಡಿಕೆ ಗಡುಸಾದ ಬೆಲ್ಟು ಕೊಂಡ ದಿನವೇ ಕಡಿಮೆಯಾಯಿತು.

ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ಹೊಕ್ಕುಳನ್ನು 12 ಎಂದುಕೊಂಡರೆ ಬಲಗೈಯವರಿಗೆ ಬಲ ಪಕ್ಕೆ 3, ಅದರ ಸ್ವಲ್ಪ ಹಿಂದೆ 4. ಮುಂಭಾಗದಲ್ಲಿ, 1ರ ಸುಮಾರಿಗೆ ಇಟ್ಟುಕೊಂಡರೆ ಪಿಸ್ತೂಲು ಸದಾ ಕಣ್ಣೆದುರಿಗೆ ಇರುತ್ತದೆ, ಬೇಗ ಕೈಗೆ ಸಿಗುತ್ತದೆ. ಆದರೆ ಕುಳಿತಾಗ ನಳಿಕೆ ತೊಡೆಯ ಕಡೆಗೇ ತಿರುಗಿರುತ್ತದೆ. ಹೊಸಬರು 3 ಮತ್ತು 4ರ ನಡುವೆ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಮುಂದಿನದು ಮನೆಯೊಳಗಿನ ಅಭ್ಯಾಸ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಚೇಂಬರನ್ನು ಎರಡು ಸಲ ಪರೀಕ್ಷಿಸಿ, ಖಾಲಿ ಪಿಸ್ತೂಲನ್ನು ಎರಡು ವಾರ ಸಂಜೆಗಳಲ್ಲಿ ಧರಿಸಿ ಓಡಾಡಿ. ಪಾತ್ರೆ ತೊಳೆಯಿರಿ, ಶೂ ಲೇಸು ಕಟ್ಟಿಕೊಳ್ಳಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳಿ, ಕಾರಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳಿ. ಬಗ್ಗುವಾಗ ಸೊಂಟದಿಂದ ಬಗ್ಗದೆ ಮಂಡಿಯಿಂದ ಕುಕ್ಕರಿಸಬೇಕು ಎಂಬುದನ್ನು ನಾನು ಅಕ್ಕಿಯ ಚೀಲದ ಆ ಪ್ರಸಂಗದ ನಂತರ ಕಲಿತೆ. ಮನೆಯಲ್ಲೇ ಕಲಿತಿದ್ದರೆ ಆ ಗಾಬರಿ ಆಗುತ್ತಿರಲಿಲ್ಲ. ಈ ಎರಡು ವಾರಗಳಲ್ಲಿ ನನ್ನ ಆರು ವರ್ಷದ ಮಗಳು ಶಾಲೆಯಿಂದ ಬಂದವಳೇ ಓಡಿ ಸೊಂಟವನ್ನು ತಬ್ಬಿಕೊಂಡಳು. ಅವಳ ಕೆನ್ನೆ ಸರಿಯಾಗಿ ಒರೆಯ ಮೇಲೆ ಬಿತ್ತು. ಒಳಗೆ ಗುಂಡಿರಲಿಲ್ಲ. ಆದರೂ ಆ ಕ್ಷಣದ ಬಳಿಕ ನಾನು ಮನೆಯೊಳಗೆ ಬಂದ ಕೂಡಲೇ ಪಿಸ್ತೂಲನ್ನು ತೆಗೆದಿಡುವುದೆಂದು ನಿಶ್ಚಯಿಸಿದೆ.

ಸ್ಲೈಡನ್ನು ಎಳೆದು ಬಿಟ್ಟ ಖಾಲಿ ಪಿಸ್ತೂಲಿನಲ್ಲಿ ಇನ್ನೊಂದು ಪರೀಕ್ಷೆ ಸಾಧ್ಯ. ಬೆಳಿಗ್ಗೆ ಒರೆಯೊಳಗೆ ಇಡುವಾಗ ಟ್ರಿಗರ್ ಮುಂದಕ್ಕಿರುತ್ತದೆ. ಕೆಲವು ಮಾದರಿಯ ಪಿಸ್ತೂಲುಗಳಲ್ಲಿ, ಅದು ಯಾವಾಗಲಾದರೂ ಒತ್ತಲ್ಪಟ್ಟಿದ್ದರೆ ಹಿಂದಕ್ಕೆ ಸರಿದು ನಿಂತಿರುತ್ತದೆ. ನಿಮ್ಮದು ಅಂಥ ಮಾದರಿಯಾಗಿದ್ದು, ಸಂಜೆ ನೋಡಿದಾಗ ವಾರವಿಡೀ ಅದು ಮುಂದಕ್ಕೇ ಇದ್ದರೆ, ಒರೆ ತನ್ನ ಕೆಲಸ ಮಾಡುತ್ತಿದೆ ಎಂದು ನಿಮ್ಮ ಕಣ್ಣಿಂದಲೇ ಕಂಡುಕೊಂಡಂತಾಯಿತು. ಈ ನಂಬಿಕೆ ಬರುವವರೆಗೆ ಚೇಂಬರನ್ನು ಖಾಲಿ ಇಟ್ಟುಕೊಂಡೇ ಹೊರಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಪಿಸ್ತೂಲು ಸುಮ್ಮನೆ ಕುಳಿತಿದ್ದಾಗ ತಾನಾಗಿ ಹಾರುವುದಕ್ಕಿಂತ, ಅದನ್ನು ಒರೆಗೆ ಮರಳಿ ಇಡುವಾಗ ಅಂಗಿಯ ಚುಂಗೋ ಜಾಕೀಟಿನ ದಾರವೋ ಟ್ರಿಗರಿಗೆ ಸಿಕ್ಕಿ ಹಾರುವ ಅಪಾಯವೇ ದೊಡ್ಡದು. ಹೊರತೆಗೆಯುವುದಕ್ಕೆ ಅವಸರ ಇರಬಹುದು, ಮರಳಿ ಇಡುವುದಕ್ಕೆ ಎಂದೂ ಅವಸರವಿಲ್ಲ. ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದು, ಒರೆಯ ಬಾಯಿಯನ್ನು ನೋಡಿಕೊಂಡು, ನಿಧಾನವಾಗಿ ಇಳಿಸಿ. ಅದಕ್ಕಿಂತಲೂ ಉತ್ತಮವೆಂದರೆ, ಒರೆಯನ್ನು ಸೊಂಟದಿಂದ ಬಿಚ್ಚಿ, ಪಿಸ್ತೂಲನ್ನು ಅದರಲ್ಲಿಟ್ಟು, ಎರಡನ್ನೂ ಒಟ್ಟಿಗೆ ಕಟ್ಟಿಕೊಳ್ಳುವುದು.

ಹೊರಗಿನ ಮೊದಲ ಓಡಾಟಗಳು ಚಿಕ್ಕವಾಗಿರಲಿ: ಪೆಟ್ರೋಲ್ ಬಂಕ್, ಸಂಜೆಯ ನಡಿಗೆ, ಅರ್ಧ ಗಂಟೆಯ ಅಂಗಡಿ. ಊರೆಲ್ಲ ನನ್ನ ಸೊಂಟವನ್ನೇ ನೋಡುತ್ತಿದೆ ಎಂಬ ಭಾವನೆ ಬಂದೇ ಬರುತ್ತದೆ. ಜನ ತಮ್ಮ ತಮ್ಮ ಫೋನು ನೋಡಿಕೊಂಡಿರುತ್ತಾರೆ. ನಿಮ್ಮನ್ನು ಬಯಲು ಮಾಡುವುದು ಪದೇ ಪದೇ ಅಲ್ಲಿಗೆ ಹೋಗುವ ನಿಮ್ಮದೇ ಕೈ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಮುಟ್ಟಬೇಡಿ, ಸರಿಪಡಿಸಿಕೊಳ್ಳಬೇಡಿ. ಹೆಚ್ಚುಕಡಿಮೆಯಾದರೆ ಕಾರಿಗೆ ಹೋಗಿ ಕುಳಿತು ನೋಡಿಕೊಳ್ಳಿ. ಶೌಚಾಲಯದಲ್ಲಿ ಪಿಸ್ತೂಲನ್ನು ತೆಗೆದು ಅಂಚಿನ ಮೇಲೆ ಇಡಬಾರದು, ಏಕೆಂದರೆ ಅಲ್ಲಿ ಮರೆತು ಬಂದವರಿದ್ದಾರೆ. ಅದು ಒರೆಯಲ್ಲಿಯೇ ಇರಲಿ.

ಸೊಂಟದಲ್ಲಿ ಪಿಸ್ತೂಲಿದ್ದ ದಿನ ಜಗಳವಾಡುವ ಹಕ್ಕನ್ನು ನೀವು ಬಿಟ್ಟುಕೊಟ್ಟಿರುತ್ತೀರಿ. ಪಾರ್ಕಿಂಗ್ ಜಾಗಕ್ಕಾಗಿ ಯಾರೋ ಬೈದರೆ ಕ್ಷಮೆ ಕೇಳಿ ಹೊರಟುಬಿಡಬೇಕು. ಎದುರಿನವರನ್ನು ಹೆದರಿಸಲೆಂದು ಅಂಗಿ ಸರಿಸಿ ತೋರಿಸುವುದು ಕೂಡ ಟೆಕ್ಸಾಸ್‌ನಲ್ಲಿ ಅಪರಾಧ. ಕುಡಿದ ಅಮಲಿನಲ್ಲಿ ಅದನ್ನು ಧರಿಸಿರುವುದೂ ಅಪರಾಧವೇ. ಪೊಲೀಸರು ಕಾರನ್ನು ನಿಲ್ಲಿಸಿದರೆ ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೆ ಇಟ್ಟು ಕುಳಿತುಕೊಳ್ಳಿ. ಗುರುತಿನ ಚೀಟಿ ಕೇಳಿದಾಗ ಬಂದೂಕಿನ ಪರವಾನಗಿಯನ್ನೂ ಜತೆಗೆ ಕೊಡಬೇಕು. ಪಿಸ್ತೂಲು ಎಲ್ಲಿದೆ ಎಂಬುದನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತೋರಿಸಲು ಹೋಗಬೇಡಿ.

ಬಾಗಿಲುಗಳನ್ನು ಓದುವುದನ್ನೂ ರೂಢಿ ಮಾಡಿಕೊಳ್ಳಬೇಕು. 30.06 ಎಂಬ ಸಂಖ್ಯೆಯ ಫಲಕ ಇದ್ದಲ್ಲಿ ಪರವಾನಗಿ ಇದ್ದವರೂ ಮರೆಯಾಗಿ ಧರಿಸಿ ಒಳಗೆ ಹೋಗುವಂತಿಲ್ಲ. ಕೆಂಪು ಅಕ್ಷರದಲ್ಲಿ 51% ಎಂದಿದ್ದರೆ ಅದು ಹೆಚ್ಚಿನ ಆದಾಯವನ್ನು ಮದ್ಯದಿಂದ ಗಳಿಸುವ ಜಾಗ, ಅಲ್ಲಿಯೂ ನಿಷೇಧ. ಶಾಲೆ, ನ್ಯಾಯಾಲಯ, ಮತಗಟ್ಟೆಗಳಿಗೂ, ವಲಸೆ ಇಲಾಖೆ ಮತ್ತು ಸೋಷಿಯಲ್ ಸೆಕ್ಯುರಿಟಿಯಂಥ ಕೇಂದ್ರ ಸರ್ಕಾರದ ಕಚೇರಿಗಳಿಗೂ ಒಯ್ಯಬಾರದು. ದೇವಸ್ಥಾನದ ಬಾಗಿಲಲ್ಲಿ ಫಲಕ ಇರಲಿ ಇಲ್ಲದಿರಲಿ, ಸಾಷ್ಟಾಂಗ ನಮಸ್ಕಾರ ಹಾಕುವ, ನೂಕುನುಗ್ಗಲಿನಲ್ಲಿ ಮಂಗಳಾರತಿಗೆ ಕೈಚಾಚುವ ಜಾಗಕ್ಕೆ ನಾನಂತೂ ಒಯ್ಯುವುದಿಲ್ಲ. ಹೋಗುವ ಕಡೆ ನಿಷೇಧವಿದೆ ಎಂದು ಮೊದಲೇ ಗೊತ್ತಿದ್ದರೆ ಮನೆಯಲ್ಲೇ ಬಿಟ್ಟು ಹೊರಡಿ. ಕಾರಿನ ಡ್ಯಾಷ್‌ಬೋರ್ಡಿನ ಪೆಟ್ಟಿಗೆ ತಿಜೋರಿಯಲ್ಲ. ಅಲ್ಲಿಂದ ಕಳವಾದ ಪಿಸ್ತೂಲು ಯಾರ ಕೈ ಸೇರುತ್ತದೆಂಬುದು ನಮಗೆ ಗೊತ್ತಾಗುವುದೇ ಇಲ್ಲ.

ಮನೆಯಲ್ಲಿ ಅದು ನಿಮ್ಮ ಸೊಂಟದಲ್ಲಿರಬೇಕು ಅಥವಾ ಬೀಗದೊಳಗೆ ಇರಬೇಕು. ದಿಂಬಿನ ಕೆಳಗಾಗಲಿ ಬೀರುವಿನ ಮೇಲಾಗಲಿ ಇಡುವಂತಿಲ್ಲ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಕೆಲಸ ಹೋದಾಗ, ಮನಸ್ಸು ಕುಸಿದಾಗ, ಮನೆಯಲ್ಲಿ ಯಾರಾದರೂ ಮಂಕಾಗಿರುವಾಗ ಬಂದೂಕನ್ನು ಮನೆಯಿಂದಲೇ ಹೊರಗೆ, ನಂಬಿಕಸ್ಥರ ಬಳಿ ಕಾನೂನಿನ ಪ್ರಕಾರ ಇರಿಸುವುದು ಧರಿಸುವವರ ಮೊದಲ ಕರ್ತವ್ಯ. ಆತ್ಮಹತ್ಯೆ ತಡೆಯುವ ಸಹಾಯವಾಣಿಯಾದ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಇದನ್ನು ಪತಿ ಪತ್ನಿ ಇಬ್ಬರೂ, ಪಿಸ್ತೂಲು ಕೊಳ್ಳುವ ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಕೊನೆಯ ಎಚ್ಚರಿಕೆ ಊರಿಗೆ ಹೊರಡುವವರಿಗೆ. ಭಾರತದಲ್ಲಿ ಪರವಾನಗಿ ಇಲ್ಲದೆ ಒಂದೇ ಒಂದು ಜೀವಂತ ಗುಂಡು ಚೀಲದಲ್ಲಿ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಮರೆತು ಬಂದಿತ್ತು ಎಂಬುದನ್ನು ಆಮೇಲೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬೇಕು. ಶೂಟಿಂಗ್ ರೇಂಜಿಗೆ ಒಯ್ಯುವ ಚೀಲವನ್ನು ಬೇರಾವ ಪ್ರಯಾಣಕ್ಕೂ ಬಳಸಬೇಡಿ. ಹೋದ ಬಾರಿ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ನಾನು ಒಮ್ಮೆ ಮಾತ್ರ ರೇಂಜಿಗೆ ಒಯ್ದಿದ್ದ ಬೆನ್ನುಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, ಪ್ರತಿ ಜೇಬನ್ನೂ ಒಳಹೊರಗು ಮಾಡಿ ನೋಡಿದೆ. ನೀರಿನ ಬಾಟಲಿ ಇಡುವ ಜಾಲರಿಯ ತಳದಲ್ಲಿ 9 ಎಂಎಂ ಗುಂಡಿನ ಹಿತ್ತಾಳೆಯ ಖಾಲಿ ಕೊಳವೆಯೊಂದು ಸಿಕ್ಕಿತು. ರೇಂಜಿನಲ್ಲಿ ಚಿಮ್ಮಿ ಬಂದು ಅಲ್ಲಿ ಬಿದ್ದಿರಬೇಕು. ಆ ಚೀಲವನ್ನು ಬಿಟ್ಟು, ಮಗಳ ಹಳೆಯ ಶಾಲಾ ಚೀಲದಲ್ಲಿ ಪಾಸ್‌ಪೋರ್ಟುಗಳನ್ನು ತುಂಬಿಕೊಂಡು ಹೊರಟೆವು.